ಸಹಿ ಹಾಕಲಾಗದ ಮಾಲೀಕರು

ಮಂಗಳೂರಿನಲ್ಲಿ ಪರಿಚಯದವರಿಬ್ಬರು ಎದುರಾದರೆ ಮೊದಲು ಸೆಕೆಯ ಮಾತು, ಆಮೇಲೆ ಮೀನಿನ ರೇಟಿನ ಮಾತು, ಅದೆರಡೂ ಮುಗಿದ ಮೇಲೆ ಸೆಂಟ್ಸಿನ ಮಾತು. "ಬಿಜೈ ಸೈಡಿನಲ್ಲಿ ಈಗ ಸೆಂಟ್ಸಿಗೆ ಎಷ್ಟು ನಡೀತದೆ ಮಾರಾಯ್ರೇ?" ಎಂದು ಕೇಳುವವರಿಗೆ ಕೊಳ್ಳುವ ಉದ್ದೇಶ ಇರುವುದಿಲ್ಲ, ಹೇಳುವವರಲ್ಲಿ ಮಾರುವುದಕ್ಕೆ ಏನೂ ಇರುವುದಿಲ್ಲ. ಆದರೂ ರೇಟು ಗೊತ್ತಿರಬೇಕು. ಬೆಂಗಳೂರಿನವರು ಮೂವತ್ತು-ನಲವತ್ತು ಎಂದು ಸೈಟಿನ ಉದ್ದಗಲ ಹೇಳುತ್ತಾರೆ. ನಮ್ಮವರು ಎಕರೆಯನ್ನು ನೂರು ಚೂರು ಮಾಡಿ ಒಂದೊಂದು ಚೂರಿಗೂ ಬೆಲೆ ಕಟ್ಟುತ್ತಾರೆ. ಪಕ್ಕಾ ಪೋಡಿ, ಆರ್‌ಟಿಸಿ, ಕನ್ವರ್ಷನ್, ಕುಮ್ಕಿ ಇವೆಲ್ಲ ಮದುವೆ ಊಟದ ಪಂಕ್ತಿಯಲ್ಲೂ ಕೇಳಿಬರುವ ಶಬ್ದಗಳು. ಜಗತ್ತಿಗೆಲ್ಲ ನೈನ್ ಇಲೆವೆನ್ ಎಂದರೆ ನ್ಯೂಯಾರ್ಕಿನ ಎರಡು ಕಟ್ಟಡಗಳು. ಮಂಗಳೂರಿನ ಸುತ್ತಿನ ಪಂಚಾಯತುಗಳಲ್ಲಿ ಅದು ಜಾಗದ ನಮೂನೆ 9 ಮತ್ತು ನಮೂನೆ 11. "ಪಾಪ, ಅವರಿಗೆ ಇನ್ನೂ ನೈನ್ ಇಲೆವೆನ್ ಆಗ್ಲಿಲ್ಲಂತೆ" ಎಂದು ಯಾರಾದರೂ ಹೇಳಿದರೆ ನಾವು ಮುಖ ಸಣ್ಣದು ಮಾಡಿ ಸಂತಾಪ ಸೂಚಿಸಬೇಕು.

ಇಂಥ ಊರಿನಲ್ಲಿ ಕೂತು ಬೈಬಲಿನ ಯೆಹೆಜ್ಕೇಲನನ್ನು ಓದಬಾರದು. ಓದಿದರೆ ಪ್ರವಾದನೆ ಹೋಗಿ ಸರ್ವೆ ಇಲಾಖೆ ಕಣ್ಣಿಗೆ ಬರುತ್ತದೆ. ನಮ್ಮ ಮನೆಯಲ್ಲಿ ಒಂದು ಹಳೆಯ ಕನ್ನಡ ಸತ್ಯವೇದ ಉಂಟು. ಅಜ್ಜ ಮಿಶನ್ ಶಾಲೆಯಲ್ಲಿ ಕಲಿಯುವಾಗ ಬಹುಮಾನವಾಗಿ ಬಂದದ್ದು. ಅಜ್ಜ ಅದನ್ನು ಎಷ್ಟು ಓದಿದ್ದರೋ ಗೊತ್ತಿಲ್ಲ, ಅದರ ಪುಟಗಳ ನಡುವೆ ತೀರ್ವೆ ರಶೀದಿಗಳನ್ನು ಮಾತ್ರ ಬಹಳ ಶ್ರದ್ಧೆಯಿಂದ ಇಟ್ಟಿದ್ದರು. ಬಹುಪಾಲು ರಶೀದಿಗಳು ಯೆಹೆಜ್ಕೇಲನ ಕೊನೆಯ ಒಂಬತ್ತು ಅಧ್ಯಾಯಗಳ ಹತ್ತಿರವೇ ಸಿಕ್ಕವು. ಆಕಸ್ಮಿಕ ಇರಬಹುದು. ಆದರೆ ಆ ಅಧ್ಯಾಯಗಳನ್ನು ಓದಿದ ಮೇಲೆ ಅಜ್ಜ ಸರಿಯಾದ ಕಡೆಯೇ ಇಟ್ಟಿದ್ದಾರೆ ಅನಿಸಿತು.

ಯೆಹೆಜ್ಕೇಲ ಬೂಜಿಯ ಮಗ, ಯಾಜಕರ ಮನೆತನದವನು. ಬಾಬೆಲಿನ ಅರಸ ಯೆರೂಸಲೇಮಿನ ಗಣ್ಯರನ್ನು ಹಿಡಿದೊಯ್ದಾಗ, ಅಂದರೆ ಕ್ರಿ.ಪೂ. 597ರಲ್ಲಿ, ಸೆರೆಯಾಗಿ ಹೋದವರಲ್ಲಿ ಇವನೂ ಒಬ್ಬ. ಕೆಬಾರ್ ಎಂಬ ಕಾಲುವೆಯ ದಡದಲ್ಲಿ ಬಿಡಾರ. ಇತ್ತ ಊರಿನಲ್ಲಿ ದೇವಾಲಯ ಸುಟ್ಟುಹೋಯಿತು. ಅದಾಗಿ ಹದಿನಾಲ್ಕು ವರ್ಷ, ತಾನು ಸೆರೆಯಾಗಿ ಇಪ್ಪತ್ತೈದನೆಯ ವರ್ಷ, ಇವನಿಗೆ ಒಂದು ದರ್ಶನ ಆಗುತ್ತದೆ. ದರ್ಶನದಲ್ಲಿ ಕಂಡದ್ದು ಬೆಂಕಿಯ ರಥವಲ್ಲ. ಅದು ಮೊದಲೇ ಆಗಿಹೋಗಿತ್ತು. ಈ ಸಲ ಕಂಡದ್ದು ಕೈಯಲ್ಲಿ ನಾರಿನ ಹಗ್ಗ ಮತ್ತು ಅಳತೆಯ ಕೋಲು ಹಿಡಿದು ಬಾಗಿಲಲ್ಲಿ ನಿಂತ ಒಬ್ಬ ಮನುಷ್ಯ. ನಮ್ಮ ಊರಲ್ಲಾದರೆ ಕೂಡಲೇ ಗುರುತು ಹತ್ತುತ್ತಿತ್ತು: ಸರ್ವೇಯರ್. ಅರ್ಜಿ ಕೊಟ್ಟು ಇಪ್ಪತ್ತೈದು ವರ್ಷದಲ್ಲಿ ಬಂದನೆಂದರೆ ಪರವಾಗಿಲ್ಲ ಅನ್ನಬೇಕು.

ಆ ಮನುಷ್ಯ ಗೋಡೆ ಅಳೆಯುತ್ತಾನೆ, ಬಾಗಿಲು ಅಳೆಯುತ್ತಾನೆ, ಹೊಸ್ತಿಲು ಅಳೆಯುತ್ತಾನೆ. ಅಧ್ಯಾಯಗಟ್ಟಲೆ ಅಳೆದ ಮೇಲೆ ದೇಶವನ್ನೇ ಪಾಲು ಮಾಡುವ ಕೆಲಸ ಶುರುವಾಗುತ್ತದೆ. ಹನ್ನೆರಡು ಕುಲಗಳಿಗೆ ಅಡ್ಡಡ್ಡ ಪಟ್ಟಿಗಳು. ನಡುವೆ ಒಂದು ಚೌಕವನ್ನು ದೇವರಿಗೆಂದು ಎತ್ತಿಡಬೇಕು. ಉದ್ದ 25,000, ಅಗಲ 25,000. ಅದರೊಳಗೆ 25,000ಕ್ಕೆ 10,000ದ ಒಂದು ಪಟ್ಟಿ ಚಾದೋಕನ ಸಂತತಿಯ ಯಾಜಕರಿಗೆ, ಅದರ ಮಧ್ಯದಲ್ಲೇ ದೇವಾಲಯ. ಅಷ್ಟೇ ದೊಡ್ಡ ಇನ್ನೊಂದು ಪಟ್ಟಿ ಲೇವಿಯರಿಗೆ. ಉಳಿದ 5,000 ಅಗಲದ ಪಟ್ಟಿ ಊರಿನ ಸಾಮಾನ್ಯ ಬಳಕೆಗೆ: ಮನೆಗಳಿಗೆ, ಬಯಲಿಗೆ, ದುಡಿಯುವವರ ಅನ್ನ ಬೆಳೆಯುವುದಕ್ಕೆ.

25,000 ಎಂದರೆ ಏನು 25,000? ಮೂಲದಲ್ಲಿ ಬಹುಕಡೆ ಅಳತೆಯ ಹೆಸರೇ ಇಲ್ಲ. ಸ್ಕೇಲು ಬರೆಯದೆ ಕೊಟ್ಟ ನಕ್ಷೆ. ಎರಡೂವರೆ ಸಾವಿರ ವರ್ಷದಿಂದ ಪಂಡಿತರು ಜಗಳಾಡುತ್ತಿದ್ದಾರೆ: ಮೊಳವೋ, ಕೋಲೋ? ಕೋಲು ಎಂದರೆ ಆರು ಮೊಳ, ಅದೂ ಸಾಮಾನ್ಯ ಮೊಳವಲ್ಲ, ಒಂದು ಹಿಡಿ ಹೆಚ್ಚು ಇರುವ ಉದ್ದ ಮೊಳ. ನಮ್ಮಲ್ಲಿ ಬಾವಿಯ ಆಳ ಹೇಳುವ ಕೋಲು ಅದರ ಮುಂದೆ ಬರಿಯ ಕಡ್ಡಿ. ಮೊಳ ಎಂದು ಹಿಡಿದರೆ ಚೌಕದ ಒಂದು ಬದಿ ಸುಮಾರು 13 ಕಿಲೋಮೀಟರ್. ಹಂಪನಕಟ್ಟೆಯಲ್ಲಿ ಒಂದು ಗಡಿಕಲ್ಲು ನೆಟ್ಟರೆ ಇನ್ನೊಂದು ಪಣಂಬೂರು ಬಂದರು ದಾಟಿ ಸುರತ್ಕಲ್ ಮುಟ್ಟುವ ಮುಂಚೆ. ಕೋಲು ಎಂದು ಹಿಡಿದಿರೋ, ಎರಡನೆಯ ಗಡಿಕಲ್ಲು ಉಡುಪಿಯನ್ನೂ ದಾಟಿ ಸಾಲಿಗ್ರಾಮದ ಹತ್ತಿರ ಹೋಗುತ್ತದೆ. ಹೆಚ್ಚಿನ ವಿದ್ವಾಂಸರು ಮೊಳವೇ ಸರಿ ಎನ್ನುತ್ತಾರೆ. ಬಂಟರಿಗೂ ಬ್ರಾಹ್ಮಣರಿಗೂ ನೆಮ್ಮದಿ.

ನನ್ನ ಪರಿಚಯದ ಬ್ರೋಕರ್ ಒಬ್ಬರಿದ್ದಾರೆ. ಜಾಗ ಕುದುರಿಸುವುದೇ ಕಸುಬು, ಆದರೆ ಕಥೆ ಕೇಳುವುದರಲ್ಲಿ ಆಸೆ. ಅವರಿಗೆ ಈ ಲೆಕ್ಕ ಹೇಳಿದೆ. ಮೊಬೈಲ್ ತೆಗೆದು ಗುಣಿಸಿದರು. ಯಾಜಕರ ಪಟ್ಟಿಯೊಂದೇ ಸುಮಾರು 16,700 ಎಕರೆ, ಅಂದರೆ 16 ಲಕ್ಷ 70 ಸಾವಿರ ಸೆಂಟ್ಸ್. ಕೋಲಿನ ಲೆಕ್ಕ ಹಿಡಿದರೆ ಈಗಿನ ದಕ್ಷಿಣ ಕನ್ನಡ ಜಿಲ್ಲೆಯ ಅರ್ಧ. ಸ್ವಲ್ಪ ಹೊತ್ತು ಅವರಿಗೆ ಮಾತೇ ಹೊರಡಲಿಲ್ಲ.

"ರೋಡ್ ಉಂಟಾ?" ಎಂದು ಕೇಳಿದರು.

"ದೇವಾಲಯದ ಹೊಸ್ತಿಲಡಿಯಿಂದ ನದಿ ಹರಿದುಬರ್ತದಂತೆ."

"ರಿವರ್ ವ್ಯೂ! ರೆಕಾರ್ಡ್ ಯಾರ ಹೆಸರಲ್ಲಿ?"

ಅಲ್ಲಿಯೇ ತೊಡಕು. ಈ ಅಳತೆ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ, 44ನೆಯ ಅಧ್ಯಾಯದಲ್ಲಿ ದೇವರು ಸ್ಪಷ್ಟವಾಗಿ ಹೇಳಿಬಿಟ್ಟಿದ್ದಾನೆ: ಯಾಜಕರಿಗೆ ಆಸ್ತಿ ಕೊಡಬೇಡಿ, ಅವರ ಆಸ್ತಿ ನಾನೇ. ಹೀಗೆ ಹೇಳಿ ಬಾಯಿ ಮುಚ್ಚುವುದರೊಳಗೆ 45ನೆಯ ಅಧ್ಯಾಯದಲ್ಲಿ 25,000ಕ್ಕೆ 10,000 ಅಳೆದು ಕೊಡುತ್ತಾನೆ. ಅವರು ಇರಬಹುದು, ಮನೆ ಕಟ್ಟಿಕೊಳ್ಳಬಹುದು, ದೇವಾಲಯದ ಕೆಲಸ ಮಾಡಬಹುದು. ಲೇವಿಯರ ಪಟ್ಟಿಯ ವಿಷಯ ಬಂದಾಗ ಇನ್ನೂ ಒಂದು ಷರತ್ತು: ಮಾರಕೂಡದು, ಬದಲಿ ಕೊಡಕೂಡದು, ಪರಭಾರೆ ಮಾಡಕೂಡದು. ನಮ್ಮ ಬ್ರೋಕರಿಗೆ ಇದನ್ನು ಹೇಳಿದಾಗ ಮೊಬೈಲ್ ಕಿಸೆಗೆ ಹಾಕಿದರು. "ಹಾಗಾದ್ರೆ ಅದು ಜಾಗವೇ ಅಲ್ಲ, ಬಿಡಿ."

ಬ್ರೋಕರು ಹೇಳಿದ್ದರಲ್ಲಿ ನನಗೆ ಬಹಳ ಅರ್ಥ ಕಾಣುತ್ತದೆ. ಪಂಡಿತರು ಪವಿತ್ರ ಭೂಮಿಗೆ ಏನೇನೋ ವ್ಯಾಖ್ಯಾನ ಬರೆದಿದ್ದಾರೆ. ಮಂಗಳೂರಿನವನಾದ ನನ್ನ ಮಟ್ಟಿಗೆ ಪವಿತ್ರ ಭೂಮಿ ಎಂದರೆ ಮಾಲೀಕ ಸಹಿ ಹಾಕಲಾಗದ ಭೂಮಿ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹೆಬ್ಬೆಟ್ಟು ಒತ್ತಿ, ಫೋಟೋಕ್ಕೆ ಮುಖ ಕೊಡಲಾಗದ ಮಾಲೀಕ. ಇಸ್ರಾಯೇಲಿನ ದೇವರಿಗೆ ರೂಪವೇ ಇಲ್ಲ, ಫೋಟೋದ ಪ್ರಶ್ನೆ ಬರುವುದಿಲ್ಲ. ನಮ್ಮ ದೇವರಿಗೆ ರೂಪ ಉಂಟು, ಆದರೆ ನಮ್ಮ ಕಾನೂನು ಅವನನ್ನು ಎಂದೆಂದಿಗೂ ಅಪ್ರಾಪ್ತ ವಯಸ್ಕ ಎಂದು ತೀರ್ಮಾನಿಸಿದೆ. ಸಾವಿರ ವರ್ಷದ ದೇವಸ್ಥಾನವಾದರೂ ದೇವರಿಗೆ ಹದಿನೆಂಟು ತುಂಬುವುದಿಲ್ಲ. ಮೊಕ್ತೇಸರರು ಪಾಲಕರಾಗಿ ನೋಡಿಕೊಳ್ಳಬೇಕು. ಎಲ್ಲ ತೊಂದರೆಗಳೂ ಆ ಪಾಲಕರ ಪೆನ್ನಿನ ತುದಿಯಿಂದಲೇ ಶುರುವಾಗುವುದು, ಅದು ಬೇರೆ ಕಥೆ.

ಯೆಹೆಜ್ಕೇಲನಿಗೂ ಇದು ಗೊತ್ತಿತ್ತು. ಜಮೀನು ಹಂಚಿದ ಉಸಿರಿನಲ್ಲೇ ಅರಸನ ಕಡೆ ತಿರುಗಿ, ಇನ್ನು ಜನರ ಭೂಮಿ ಕಿತ್ತುಕೊಳ್ಳಬೇಡಿ ಎನ್ನುತ್ತಾನೆ. ಅದರ ಬೆನ್ನಿಗೇ ತಕ್ಕಡಿ ಸರಿ ಇರಲಿ, ಅಳತೆಯ ಪಾತ್ರೆ ಸರಿ ಇರಲಿ ಎನ್ನುತ್ತಾನೆ. ಗೇಣಿಯ ಕಾಲ ಕಂಡ ತುಳುನಾಡಿನ ಹಿರಿಯರಿಗೆ ಇದರ ಮರ್ಮ ವಿವರಿಸಬೇಕಾಗಿಲ್ಲ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂದು ಲೆಕ್ಕ ಇದ್ದರೂ, ಧಣಿಗಳ ಚಾವಡಿಯಲ್ಲಿ ಅಳೆದು ತೆಗೆದುಕೊಳ್ಳುವ ಸೇರು ಒಂದು, ಅಳೆದು ಕೊಡುವ ಸೇರು ಇನ್ನೊಂದು ಎಂಬ ದೂರು ಹಳೆಯದು.

ಯಾಜಕರ ಉಡುಪಿನ ನಿಯಮಗಳಲ್ಲಿ ಒಂದನ್ನು ಮಾತ್ರ ಹೇಳದಿರಲಾರೆ. ಒಳ ಅಂಗಳಕ್ಕೆ ಬರುವಾಗ ನಾರುಬಟ್ಟೆ ಉಡಬೇಕು, ಉಣ್ಣೆ ಕೂಡದು, ಬೆವರು ಬರಿಸುವ ಯಾವುದನ್ನೂ ಸುತ್ತಿಕೊಳ್ಳಕೂಡದು. ದೇವಸನ್ನಿಧಿಯಲ್ಲಿ ಬೆವರಬಾರದು! ಈ ನಿಯಮ ಪಾಲಿಸಬೇಕೆಂದರೆ ಏಪ್ರಿಲಿನ ಮಂಗಳೂರಿನಲ್ಲಿ ಒಬ್ಬ ಯಾಜಕನೂ ಕೆಲಸಕ್ಕೆ ಹಾಜರಾಗುವಂತಿಲ್ಲ. ನಮ್ಮ ಭಟ್ಟರು ಅಂಗಿಯೇ ಇಲ್ಲದೆ ಗರ್ಭಗುಡಿಯಲ್ಲಿ ನಿಂತರೂ ದೀಪದ ಬಿಸಿಗೆ ಧಾರಾಕಾರ. ಇಗರ್ಜಿಯ ಪಾದ್ರಿಗಳಂತೂ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಬಿಗಿದುಕೊಂಡು ಬಲಿಪೂಜೆ ಮುಗಿಸಬೇಕು.

ಈ ಅಧ್ಯಾಯಗಳು ಮೋಶೆಯ ಧರ್ಮಶಾಸ್ತ್ರಕ್ಕೆ ಅಲ್ಲಲ್ಲಿ ತಾಳೆಯಾಗುವುದಿಲ್ಲ. ಅದಕ್ಕಾಗಿ ಯೆಹೆಜ್ಕೇಲನ ಪುಸ್ತಕವನ್ನೇ ಬದಿಗಿಡುವ ಯೋಚನೆ ಒಂದು ಕಾಲದಲ್ಲಿ ಬಂದಿತ್ತೆಂದು ಯೆಹೂದಿ ಪರಂಪರೆ ಹೇಳುತ್ತದೆ. ಆಗ ಹನನ್ಯ ಬೆನ್ ಹಿಜ್ಕೀಯ ಎಂಬ ಹಿರಿಯರು ಮಾಳಿಗೆಯ ಮೇಲೆ ಕೂತು, ಮುನ್ನೂರು ಕೊಡ ಎಣ್ಣೆಯ ದೀಪ ಉರಿಸಿ, ಎರಡಕ್ಕೂ ಹೊಂದಾಣಿಕೆ ಮಾಡಿಕೊಟ್ಟರಂತೆ. ಕಂದಾಯ ದಾಖಲೆಗೂ ಸರ್ವೆ ನಕ್ಷೆಗೂ ತಾಳೆ ಮಾಡಿಸಲು ಓಡಾಡಿದ ಯಾರಿಗೂ ಮುನ್ನೂರು ಕೊಡ ಹೆಚ್ಚೆನಿಸಲಾರದು.

ಇಷ್ಟೆಲ್ಲ ಅಳೆದರೂ ಆ ನಕ್ಷೆಯಂತೆ ಒಂದು ಗಡಿಕಲ್ಲೂ ನೆಡಲಿಲ್ಲ. ಸೆರೆ ಮುಗಿದು ಜನ ಮರಳಿದರು, ದೇವಾಲಯ ಮತ್ತೆ ಎದ್ದಿತು, ಆದರೆ ಅದು ಬೇರೆಯೇ ಅಳತೆಯದು. ನೆಹೆಮೀಯನ ಕಾಲಕ್ಕೆ ಬಂದರೆ ಲೇವಿಯರಿಗೆ ಸಲ್ಲಬೇಕಾದ ಪಾಲನ್ನು ಯಾರೂ ಕೊಡುತ್ತಿರಲಿಲ್ಲ; ಹಾಡುವವರೂ ಸೇವೆ ಮಾಡುವವರೂ ದೇವಾಲಯ ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಓಡಿದ್ದರು. ದೇವರೇ ನಿಮ್ಮ ಆಸ್ತಿ ಎಂದು ಹೇಳಿಸಿಕೊಂಡವರಿಗೂ ಕೊನೆಗೆ ಗದ್ದೆಯೇ ಗತಿಯಾಯಿತು.

ಅದಕ್ಕಿಂತ ಮುಂಚೆ, ಯೆರೂಸಲೇಮಿಗೆ ಮುತ್ತಿಗೆ ಬಿದ್ದ ಹೊತ್ತಿಗೆ ನಡೆದ ಒಂದು ಜಾಗದ ವ್ಯಾಪಾರ ಇನ್ನೂ ಸ್ವಾರಸ್ಯದ್ದು. ಯೆರೆಮೀಯನೂ ಯಾಜಕರ ಮನೆಯವನೇ. ಊರು ಅನಾತೋತ್, ಅದು ಯಾಜಕರಿಗೆ ಬಿಟ್ಟ ಊರು. ಅವನು ಸೆರೆಮನೆಯ ಅಂಗಳದಲ್ಲಿ ಇದ್ದಾನೆ. ಹೊರಗೆ ಬಾಬೆಲಿನ ಸೈನ್ಯ. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು, "ಅನಾತೋತಿನಲ್ಲಿ ನನ್ನದೊಂದು ಹೊಲ ಇದೆ, ತಗೋ, ಹಕ್ಕು ನಿನ್ನದೇ" ಎನ್ನುತ್ತಾನೆ. ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಸಾಕ್ಷಿಗಳ ಎದುರು ಪತ್ರ ಮಾಡಿಸಿ, ಮುದ್ರೆ ಹಾಕಿದ ಪ್ರತಿ ಒಂದು, ತೆರೆದ ಪ್ರತಿ ಒಂದು, ಎರಡನ್ನೂ ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಈ ದೇಶದಲ್ಲಿ ಮತ್ತೆ ಮನೆ ಹೊಲಗಳ ಕ್ರಯವಿಕ್ರಯ ನಡೆಯುತ್ತದೆ ಎಂಬುದಕ್ಕೆ ಅದು ಗುರುತು ಎಂದು ಪ್ರವಾದಿಯ ಮಾತು. ನಮ್ಮ ಬ್ರೋಕರು ಕೇಳಿ ಹೇಳಿದ್ದು ಇಷ್ಟೇ: "ಆ ಚಿಕ್ಕಪ್ಪನ ಮಗ ಭಾರೀ ಹುಷಾರಿ."

ನಮ್ಮ ಕಡೆಗೆ ಬರೋಣ. ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯ ಎದುರು ನಿಂತರೆ ಬಸ್ಸಿನ ಹಾರ್ನಿನ ನಡುವೆ ಯೋಚನೆ ಮಾಡುವುದೇ ಕಷ್ಟ, ಆದರೆ ಅಲ್ಲಿ ನಿಂತು ಯೋಚಿಸಬೇಕಾದ ವಿಷಯ ಒಂದುಂಟು. ಆ ಇಗರ್ಜಿಯನ್ನು 1680ರಲ್ಲಿ ಕಟ್ಟಿಸಿದವರು ಗೋವೆಯ ದಿವಾಡಿ ದ್ವೀಪದವರಾದ ಬಿಷಪ್ ತೋಮಸ್ ದೆ ಕಾಸ್ತ್ರೊ. ಅವರಿಗೆ ಜಾಗ ದಾನ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮ. ವೀರಶೈವ ರಾಣಿ, ಕೊಂಕಣಿ ಬಿಷಪ್, ತುಳು ಮಣ್ಣು. ರಾಣಿಗೆ ಆ ದೇವರ ಬಗ್ಗೆ ಏನು ಅಭಿಪ್ರಾಯ ಇತ್ತೋ ತಿಳಿಯದು. ಪೂಜೆ ಮಾಡುವವನಿಗೆ ನಿಲ್ಲಲು ಜಾಗ ಬೇಕೆಂಬುದು ಮಾತ್ರ ತಿಳಿದಿತ್ತು. ಮಠಕ್ಕೆ ಕೊಟ್ಟ ಕೈಯಿಂದಲೇ ಇಗರ್ಜಿಗೂ ಕೊಟ್ಟಳು. ಇಗರ್ಜಿ 1784ರಲ್ಲಿ ಟಿಪ್ಪುವಿನ ಆಜ್ಞೆಯಿಂದ ನೆಲಸಮವಾಯಿತು, ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ನಡೆದರು. ಟಿಪ್ಪು ಬಿದ್ದ ಮೇಲೆ ಉಳಿದವರು ಬಂದರು, ಇಗರ್ಜಿ ಮತ್ತೆ ಎದ್ದಿತು. ಸೆರೆ ಹೋದವರು ಮರಳಿ ಬಂದು ಹಳೆಯ ಜಾಗದಲ್ಲೇ ದೇವಾಲಯ ಎಬ್ಬಿಸುವುದು ಯೆಹೆಜ್ಕೇಲನ ಕಥೆ ಮಾತ್ರವೇನಲ್ಲ. ಮಂಗಳೂರಿನ ಕಥೋಲಿಕರು ಅವನ ಪುಸ್ತಕವನ್ನು ಓದಿದರೆ ನನಗಿಂತ ಬೇರೆ ರೀತಿ ಓದುತ್ತಾರೆ ಅಂತ ನನ್ನ ಅಂದಾಜು.

ಇನ್ನು ಕದ್ರಿ. ಪಿಯೆತ್ರೊ ದೆಲ್ಲಾ ವಾಲೆ ಎಂಬ ರೋಮಿನ ಶ್ರೀಮಂತ 1616ರ ಈಸ್ಟರಿಗೆ ಯೆರೂಸಲೇಮಿನಲ್ಲಿದ್ದ, ಅದೇ ವರ್ಷ ಬಾಬಿಲೋನಿನ ಹಾಳುಗುಪ್ಪೆಗಳನ್ನು ನೋಡಿದ, ಬೆಣೆಲಿಪಿ ಕೊರೆದ ಇಟ್ಟಿಗೆಗಳನ್ನು ಯೂರೋಪಿಗೆ ಒಯ್ದವರಲ್ಲಿ ಮೊದಲಿಗ. ಯೆಹೆಜ್ಕೇಲ ಹುಟ್ಟಿದ ಸೀಮೆ, ಸೆರೆಯಿದ್ದ ಸೀಮೆ ಎರಡನ್ನೂ ಮೆಟ್ಟಿದ ಈ ಮನುಷ್ಯ 1623ರ ಡಿಸೆಂಬರಿನಲ್ಲಿ ಮಂಗಳೂರಿಗೆ ಬಂದು ಕದ್ರಿ ಗುಡ್ಡ ಹತ್ತಿದ. ಜೋಗಿಗಳ ಅರಸನನ್ನು ನೋಡಬೇಕೆಂಬ ಕುತೂಹಲ. ಸಿಂಹಾಸನ, ಛತ್ರ, ಚಾಮರ ಇದ್ದೀತೆಂದು ಎಣಿಸಿದ್ದನೋ ಏನೋ. ಕಂಡದ್ದು ಹಳ್ಳಿಯ ರೈತನ ಹಾಗೆ ತನ್ನ ಕೆಲಸದಲ್ಲಿ ಮುಳುಗಿದ ಒಬ್ಬ ಮುದುಕ: ಉದ್ದ ಬಿಳಿ ಗಡ್ಡ, ಗಟ್ಟಿಮುಟ್ಟು ದೇಹ, ಕಿವಿಯಲ್ಲಿ ಚಿನ್ನದಂಥ ಗುಂಡುಗಳು, ತಲೆಯ ಮೇಲೆ ಕೆಂಪು ಟೊಪ್ಪಿ. ಪ್ರವಾಸಿಗೆ ಸ್ವಲ್ಪ ನಿರಾಸೆಯೇ ಆಗಿರಬೇಕು. ಅದೇ ದಿನಗಳಲ್ಲಿ ಉಳ್ಳಾಲದ ರಾಣಿಯನ್ನು ನೋಡಲು ಮಣೇಲಿಗೆ ಹೋದಾಗಲೂ ಹಾಗೇ ಆಯಿತು. ರಾಣಿ ಬರಿಗಾಲಲ್ಲಿ ನೀರಿನ ಕಣಿಯ ಕೆಲಸ ನೋಡಿಕೊಳ್ಳುತ್ತಿದ್ದಳು. ಈ ಸೀಮೆಯಲ್ಲಿ ಅರಸರೂ ಗುರುಗಳೂ ಮಣ್ಣಿನಲ್ಲಿ ನಿಂತೇ ಕಾಣಸಿಗುತ್ತಾರೆ ಎಂದು ಅವನು ತೀರ್ಮಾನಿಸಿದ್ದರೆ ತಪ್ಪೇನಿಲ್ಲ.

ನನಗೆ ಆ ಜೋಗಿ ಅರಸ ಬಹಳ ಇಷ್ಟ. ಯಾಜಕನಿಗೆ ಭೂಮಿ ಕೊಟ್ಟರೆ ಏನಾಗಬೇಕೋ ಅದು ಅವನಲ್ಲಿ ಆಗಿತ್ತು: ಅವನು ಅದರಲ್ಲಿ ದುಡಿಯುತ್ತಿದ್ದ. ಅವನ ಪೀಠ ಈಗಲೂ ಕದ್ರಿಯ ಜೋಗಿ ಮಠದಲ್ಲಿ ಉಂಟು. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ತ್ರ್ಯಂಬಕದಿಂದ ನಾಥರ ಝುಂಡಿ ನಡೆದುಕೊಂಡೇ ಬಂದು ಹೊಸ ರಾಜನನ್ನು ಕೂರಿಸುತ್ತದೆ, ಹಳೆಯ ರಾಜ ಎದ್ದು ನಡೆಯಬೇಕು. ಮಗನಿಗೆ ಬರೆದುಕೊಡುವ ಪ್ರಶ್ನೆಯೇ ಇಲ್ಲ. ಸಹಿ ಹಾಕಲಾಗದ ಮಾಲೀಕನ ಜಾಗಕ್ಕೆ ಹನ್ನೆರಡು ವರ್ಷದ ಉಸ್ತುವಾರಿ. ಯೆಹೆಜ್ಕೇಲ ಇದನ್ನು ಕೇಳಿದ್ದರೆ ತನ್ನ ನಕ್ಷೆಗೆ ಒಂದು ಟಿಪ್ಪಣಿ ಸೇರಿಸಿಕೊಳ್ಳುತ್ತಿದ್ದ.

ಎಲ್ಲ ಕಡೆ ಹೀಗೆ ನಡೆಯಲಿಲ್ಲ. ದೇವರಿಗೆಂದೂ ಬ್ರಾಹ್ಮಣರಿಗೆಂದೂ ಬಿಟ್ಟ ಭೂಮಿಯ ಶಾಸನಗಳು ನಮ್ಮ ನಾಡಿನ ಉದ್ದಗಲಕ್ಕೂ ಸಿಗುತ್ತವೆ, ಹೆಚ್ಚಿನವುಗಳ ಕೊನೆಯಲ್ಲಿ ಶಾಪ ಉಂಟು. ತಾನು ಕೊಟ್ಟದ್ದಾಗಲಿ ಇತರರು ಕೊಟ್ಟದ್ದಾಗಲಿ, ಭೂಮಿ ಕಿತ್ತುಕೊಂಡವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಇರಬೇಕು. ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ಬೇರೆ. ಇಷ್ಟು ಗಟ್ಟಿಯಾಗಿ ಬೈದು ಕಲ್ಲಿನಲ್ಲಿ ಕೆತ್ತಿದ್ದಾರೆಂದರೆ ಕಿತ್ತುಕೊಳ್ಳುವವರು ಧಾರಾಳ ಇದ್ದರು ಅಂತ ಅರ್ಥ. ಕಳ್ಳರಿಲ್ಲದ ಊರಿನಲ್ಲಿ ಬೀಗ ಯಾರೂ ಕೊಳ್ಳುವುದಿಲ್ಲ.

ಈ ಶಾಪ ಲೆಕ್ಕಕ್ಕೆ ಬರದೆ ಹೋದದ್ದು 1974ರಲ್ಲಿ. ದೇವರಾಜ ಅರಸರ ಸರಕಾರ ಭೂಸುಧಾರಣೆಯ ತಿದ್ದುಪಡಿ ತಂದು, ಮಾರ್ಚ್ 1ರಂದು ಗೇಣಿಯಲ್ಲಿದ್ದ ಭೂಮಿಯೆಲ್ಲ ಸರಕಾರದ್ದು, ಅಲ್ಲಿಂದ ಉಳುವವನಿಗೆ ಎಂದಿತು. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಇಂದಿಗೂ "ಡಿಕ್ಲರೇಶನ್" ಎಂದೇ ಹೆಸರು. "ಅವರ ಜಾಗ ಎಲ್ಲ ಡಿಕ್ಲರೇಶನ್‌ನಲ್ಲಿ ಹೋಯ್ತು" ಎನ್ನುವವರು ಒಂದು ಮನೆಯಲ್ಲಿ, "ನಮ್ಗೆ ಡಿಕ್ಲರೇಶನ್‌ನಲ್ಲಿ ಸಿಕ್ಕಿದ್ದು" ಎನ್ನುವವರು ಗದ್ದೆಯ ಆಚೆಯ ಮನೆಯಲ್ಲಿ. ಗುಡಿ-ಮಠಗಳ ಗೇಣಿ ಭೂಮಿಯೂ ಹೋಯಿತು. ಹೋದದ್ದಕ್ಕೆ ಬದಲಾಗಿ ದೇವಸ್ಥಾನಗಳಿಗೆ ವರ್ಷಕ್ಕಿಷ್ಟು ಎಂದು ತಸ್ತೀಕು. ಇದಕ್ಕೂ ಸತ್ಯವೇದದಲ್ಲಿ ಒಂದು ಹಳೆಯ ಲೆಕ್ಕ ಸಿಗುತ್ತದೆ, ಉಲ್ಟಾ ಆಗಿ. ಬರಗಾಲದಲ್ಲಿ ಯೋಸೇಫ ಐಗುಪ್ತದ ಜನರ ಭೂಮಿಯನ್ನೆಲ್ಲ ಫರೋಹನಿಗೆ ಬರೆಸಿಕೊಂಡಾಗ ಯಾಜಕರ ಭೂಮಿಯನ್ನು ಮಾತ್ರ ಮುಟ್ಟಲಿಲ್ಲ. ಅವರಿಗೆ ಅರಮನೆಯಿಂದ ಗೊತ್ತಾದ ಪಡಿ ಬರುತ್ತಿದ್ದುದರಿಂದ ಮಾರುವ ಗತಿ ಅವರಿಗೆ ಬರಲಿಲ್ಲ. ಅಲ್ಲಿ ತಸ್ತೀಕು ಇದ್ದುದರಿಂದ ಭೂಮಿ ಉಳಿಯಿತು, ಇಲ್ಲಿ ಭೂಮಿ ಹೋದುದರಿಂದ ತಸ್ತೀಕು ಬಂತು. ತಸ್ತೀಕಿನ ಮೊತ್ತ ಕೇಳಿದರೆ ಅರ್ಚಕರು ನಗುತ್ತಾರೆ. ಅದು ಸಂತೋಷದ ನಗು ಅಲ್ಲ.

ಆದರೆ ತಲೆಮಾರುಗಳಿಂದ ಮಳೆಗಾಲವಿಡೀ ಕೆಸರಿನಲ್ಲಿ ನಿಂತು ನೇಜಿ ನೆಟ್ಟು, ಅಕ್ಕಿಯ ಮುಡಿ ಕಟ್ಟಿ ದೇವಸ್ಥಾನದ ಉಗ್ರಾಣಕ್ಕೆ ಹೊತ್ತು, ಅದೇ ದೇವಸ್ಥಾನದ ಒಳಗೆ ಕಾಲಿಡಲಾಗದೆ ಹೊರಗೆ ನಿಂತವರು ಇದ್ದರಲ್ಲ, ಅವರಿಗೆ ಪಟ್ಟೆ ಸಿಕ್ಕಿದ ದಿನ 60,000 ವರ್ಷದ ಶಾಪ ಓದಿ ಹೇಳುವ ಧೈರ್ಯ ನನಗಿಲ್ಲ, ಮನಸ್ಸೂ ಇಲ್ಲ. ದೇವರು ಅಪ್ರಾಪ್ತನಾಗಿದ್ದರೂ ಗೇಣಿದಾರ ಪ್ರಾಪ್ತ ವಯಸ್ಕನಾಗಿದ್ದ. ಯೆಹೆಜ್ಕೇಲನೂ ಈ ವಿಷಯದಲ್ಲಿ ಪೂರ್ತಿ ಕುರುಡನಲ್ಲ. ಕುಲಗಳಿಗೆ ಭೂಮಿ ಹಂಚುವಾಗ ನಿಮ್ಮ ನಡುವೆ ಬಂದು ನೆಲೆಸಿ ಮಕ್ಕಳನ್ನು ಹೆತ್ತ ಪರದೇಶದವರಿಗೂ ಪಾಲು ಕೊಡಿ ಎಂದು ಕಟ್ಟಪ್ಪಣೆ ಬರೆದಿದ್ದಾನೆ. ಯಾಜಕರ ಪಟ್ಟಿಯನ್ನು ವರ್ಣಿಸುವವರು ಆ ಎರಡು ವಾಕ್ಯಗಳನ್ನು ದಾಟಿಕೊಂಡು ಹೋಗುತ್ತಾರೆ, ಯಾಕೋ.

ಬಲ್ಮಠ ಗುಡ್ಡದ ಮೇಲೆ ಬಾಸೆಲ್ ಮಿಶನ್ನಿನವರಿಗೆ ದೇವರ ಜೊತೆ ನೆಲವೂ ಬೇಕೆಂಬ ಪಾಠ ಬೇರೆ ದಾರಿಯಿಂದ ಬಂತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಅವರಿಗೆ ಮೊದಲು ಬೇಕಾದದ್ದು ಆತ್ಮಗಳು. ಆಮೇಲೆ ಗೊತ್ತಾಯಿತು, ಆತ್ಮಗಳಿಗೆ ಹೊಟ್ಟೆಯೂ ಉಂಟೆಂದು. ಮತ ಬದಲಿಸಿದವನಿಗೆ ಮನೆಯಿಲ್ಲ, ಗದ್ದೆಯಿಲ್ಲ, ಕುಲಕಸುಬಿಲ್ಲ. ಬೇಸಾಯ ಮಾಡಿಸಿ ನೋಡಿದರು, ಅದು ಹಿಡಿಯಲಿಲ್ಲ. ಕೊನೆಗೆ ಕೈಗೆ ಬಂದದ್ದು ಮಗ್ಗ ಮತ್ತು ಆವೆಮಣ್ಣು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿಯ ಮಣ್ಣು ಊರೂರಿನ ಮಾಡು ಹತ್ತಿತು. ಪಾಲಿಗೆ ಭೂಮಿ ಬರದವರು ಭೂಮಿಯನ್ನೇ ಅಚ್ಚಿಗೆ ಹಾಕಿ ಸುಟ್ಟು ಮಾರಿ ಬದುಕಿದರು. ಹೀಗೊಂದು ಉಪಾಯ ಯಾವ ಪ್ರವಾದಿಗೂ ಹೊಳೆದಿರಲಿಲ್ಲ.

ಮಂಗಳೂರಿನಲ್ಲಿ ಸಹಿ ಹಾಕದ ಮಾಲೀಕರಲ್ಲೆಲ್ಲ ಭಾರೀ ಗಟ್ಟಿಗ ನಾಗ. ದೇವರ ಜಾಗಕ್ಕೆ ಮೊಕ್ತೇಸರರಿದ್ದಾರೆ, ಇಗರ್ಜಿಗೆ ವಿಗಾರರಿದ್ದಾರೆ, ಮಿಶನ್ನಿಗೆ ಟ್ರಸ್ಟ್ ಇದೆ. ಎಲ್ಲೋ ಒಂದು ಕಡೆ ಪೆನ್ನು ಇದ್ದೇ ಇದೆ. ನಾಗನಿಗೆ ಯಾರೂ ಇಲ್ಲ. ನಾಲ್ಕು ಮರ, ಒಂದಿಷ್ಟು ಬಳ್ಳಿ, ಒಳಗೆ ಮುರಕಲ್ಲಿನ ಕಟ್ಟೆ, ಅದೇ ಬನ. ಜಾಗ ಹತ್ತು ಕೈ ಬದಲಾಗಿರುತ್ತದೆ, ಬನ ಬದಲಾಗುವುದಿಲ್ಲ. ಮುಂಬಯಿಯಲ್ಲಿ ಹೋಟೆಲ್ ಇಟ್ಟವರು, ದುಬೈಯಲ್ಲಿ ಕಂಪೆನಿ ನಡೆಸುವವರು ಪ್ರಶ್ನೆ ಇಡಿಸಿ ತಮ್ಮ ಮೂಲ ನಾಗನನ್ನು ಹುಡುಕಿಕೊಂಡು ಬಂದರೆ ಅದು ಯಾರದೋ ಕಾಂಪೌಂಡಿನೊಳಗೆ, ಪಾರ್ಕಿಂಗಿನ ಪಕ್ಕ ಸಿಗುತ್ತದೆ. ಬಿಲ್ಡರುಗಳು ಕೆರೆ ಮುಚ್ಚಲು ಹೆದರುವುದಿಲ್ಲ, ಗುಡ್ಡ ಅಗೆಯಲು ಹೆದರುವುದಿಲ್ಲ. ಬನದ ಹತ್ತಿರ ಬಂದಾಗ ಮಾತ್ರ ಜೆಸಿಬಿಯ ಡ್ರೈವರ್ ಇಂಜಿನ್ ಆಫ್ ಮಾಡಿ ಇಳಿದು ಬೀಡಿ ಹಚ್ಚುತ್ತಾನೆ.

ನಾವಿರುವ ಅಪಾರ್ಟ್‌ಮೆಂಟಿನಲ್ಲೂ ಅಂಥದೊಂದು ಮೂಲೆ ಉಂಟು. ಅರ್ಧ ಸೆಂಟ್ಸ್ ಇದ್ದೀತು. ಕ್ರಯಪತ್ರದಲ್ಲಿ ಪ್ರತಿಯೊಂದು ಫ್ಲಾಟಿಗೂ ಜಾಗದಲ್ಲಿ ಅವಿಭಜಿತ ಹಕ್ಕು ಎಂದು ಬರೆದಿರುತ್ತಾರಲ್ಲ, ಆ ಲೆಕ್ಕದಲ್ಲಿ ನಾಗನ ಅರ್ಧ ಸೆಂಟ್ಸಿನಲ್ಲಿ ಬಂಟರದ್ದು, ಬಿಲ್ಲವರದ್ದು, ಬ್ಯಾರಿಗಳದ್ದು, ಜೈನರದ್ದು, ಕಥೋಲಿಕರದ್ದು, ಪ್ರೊಟೆಸ್ಟೆಂಟರದ್ದು ಎಲ್ಲರದ್ದೂ ಒಂದೊಂದು ಅಂಗುಲ ಸೇರಿದೆ. ಮೊದಲ ವರ್ಷ ನಾಗನ ತಂಬಿಲ ಸೇವೆಯ ಖರ್ಚು ಯಾರದ್ದು ಎಂದು ಸಭೆಯಲ್ಲಿ ಗದ್ದಲ ಆಯಿತು. ಕೊನೆಗೆ ಅಸೋಸಿಯೇಶನ್ನಿನ ಟ್ರೆಜರರ್, ಕಾನ್ವೆಂಟ್ ಶಾಲೆಯಿಂದ ನಿವೃತ್ತರಾದ ಕಥೋಲಿಕ ಟೀಚರ್, ಲಿಫ್ಟಿನ ಖರ್ಚನ್ನು ಗ್ರೌಂಡ್ ಫ್ಲೋರಿನವರೂ ಕೊಡುವುದಿಲ್ಲವೇ ಎಂದು ಕೇಳಿ ಎಲ್ಲರ ಬಾಯಿ ಮುಚ್ಚಿಸಿದರು. ಅಂದಿನಿಂದ ಮೆಂಟೆನೆನ್ಸ್ ಲೆಕ್ಕದಲ್ಲಿ ಜನರೇಟರಿನ ಡೀಸೆಲ್ ಕೆಳಗೆ, ಸೆಕ್ಯುರಿಟಿಯ ಸಂಬಳದ ಮೇಲೆ, "ನಾಗ" ಎಂದು ಒಂದು ಸಾಲು ಉಂಟು. ತರಗೆಲೆ ಕಾರಿನ ಮೇಲೆ ಬೀಳುತ್ತದೆ ಎಂದು ಒಬ್ಬರು ದೂರು ಕೊಟ್ಟದ್ದಕ್ಕೆ ಟೀಚರ್ ಬರೆದ ಉತ್ತರ ನೋಟೀಸ್ ಬೋರ್ಡಿನಲ್ಲಿ ಬಹಳ ಕಾಲ ಇತ್ತು: ಕಾರನ್ನು ಸ್ಥಳಾಂತರಿಸುವುದು.

ಈ ಸಲ ನಾಗರ ಪಂಚಮಿಗೆ ಬಂದ ಭಟ್ಟರು ಹೊಸಬರು. ಸ್ಕೂಟರಿನಲ್ಲಿ ಬಂದು, ಹಾಲು, ಎಳನೀರು, ಅರಶಿನ, ಹಿಂಗಾರ ಎಲ್ಲ ಚಕಚಕ ಮುಗಿಸಿದರು. ಅವರ ಮನೆತನದ ಜಾಗ ಹಿಂದೆ ಡಿಕ್ಲರೇಶನ್‌ನಲ್ಲಿ ಹೋದದ್ದು. ಈಗ ಇರುವುದು ಕಾವೂರಿನ ಕಡೆ ಬಾಡಿಗೆ ಮನೆ, ಅದನ್ನೂ ಧಣಿಗಳು ಬಿಡಲು ಹೇಳಿದ್ದಾರಂತೆ. ಟೀಚರ್ ವೋಚರ್ ಪುಸ್ತಕ ಹಿಡಿದುಕೊಂಡು ಮೆಟ್ಟಿಲ ಹತ್ತಿರ ಕಾದಿದ್ದರು. "ಭಟ್ರೇ, ದಕ್ಷಿಣೆ ತಗೊಂಡದ್ದಕ್ಕೆ ಇಲ್ಲೊಂದು ಸಹಿ. ಆಡಿಟಿಗೆ ಬೇಕು." ಭಟ್ಟರು ಒದ್ದೆ ಕೈ ಶಲ್ಯಕ್ಕೆ ಒರೆಸಿ ಸಹಿ ಹಾಕಿದರು. ಹಾಕುತ್ತ ಹಾಕುತ್ತ ಕತ್ತೆತ್ತಿ ಕಟ್ಟಡ ನೋಡಿದರು.

"ಟೀಚರ್, ಇಲ್ಲಿ ಬಾಡಿಗೆಗೆ ಯಾವುದಾದ್ರೂ ಫ್ಲಾಟ್ ಉಂಟಾ? ಹನ್ನೆರಡು ಸಾವಿರದ ಒಳಗೆ?"

"ಮೂರನೇ ಮಾಳಿಗೆಯಲ್ಲಿ ಒಂದು ಖಾಲಿ ಉಂಟು. ಆದ್ರೆ ಓನರ್ ಕುವೈಟ್‌ನಲ್ಲಿದ್ದಾರೆ. ಹತ್ತು ತಿಂಗಳ ಡೆಪಾಸಿಟ್ ಕೇಳ್ತಾರೆ. ಕಾರ್ ಪಾರ್ಕಿಂಗ್ ಇಲ್ಲ, ಸ್ಕೂಟರ್ ಆದ್ರೆ ಬನದ ಪಕ್ಕ ಇಡ್ಬಹುದು."

"ಡೆಪಾಸಿಟ್ ಕಮ್ಮಿ ಆಗ್ತದಾ?"

"ನೀವೇ ಫೋನ್ ಮಾಡಿ ಕೇಳಿ ನೋಡಿ" ಎಂದು ಟೀಚರ್ ವೋಚರಿನ ಹಿಂದೆ ನಂಬರ್ ಬರೆದರು. ಬರೆದ ಮೇಲೆ ಅದು ಆಫೀಸ್ ಕಾಪಿ ಎಂದು ನೆನಪಾಗಿ, ಇನ್ನೊಂದು ಚೀಟಿ ಹುಡುಕಲು ಒಳಗೆ ಹೋದರು.